ಹೆಸರಿಗೆ ಕೂತವನು

ಚನ್ನವೀರಪ್ಪನಿಗೆ ಆ ದಿನ ಆಪತ್ತು ಒಳ್ಳೆಯ ಸುದ್ದಿಯ ವೇಷದಲ್ಲಿ ಬಂತು. ಪೀಣ್ಯದಲ್ಲಿ ಪಂಪು ತಯಾರಿಸುವ ಕಾರ್ಖಾನೆಯ ಬೆನ್ನಿಗೆ ಅಂಟಿಕೊಂಡ ಲಾರಿ ಆಫೀಸು. ಅದರ ಮುಂದೆ ಚಾಲಕರೆಲ್ಲ ಟೀ ಕುಡಿಯುತ್ತ ನಿಂತಿದ್ದಾಗ ಮಾಲೀಕ ಶ್ರೀಧರ್ ಫೋನು ಹಿಡಿದು ಹೊರಬಂದ.

"ಕೇಳ್ರಪ್ಪಾ, ಏರ್‌ಪೋರ್ಟ್ ಕಾರ್ಗೋದಲ್ಲಿ ಇನ್ಮೇಲೆ ಒಂದೊಂದು ಶೆಡ್ಡಿಗೂ ಬೇರೆಬೇರೆ ಸೆಕ್ಯುರಿಟಿ ಟ್ರೈನಿಂಗ್ ಇಲ್ಲ. ಡ್ರೈವರ್‌ಗಳ ರೆಕಾರ್ಡನ್ನ ಎಲ್ಲಾ ಶೆಡ್‌ನೋರೂ ಹಂಚ್ಕೊಂಡ್ಬಿಟ್ಟಿದಾರೆ. ಒಂದು ಕಡೆ ಕೂತಿದ್ರೆ ಎಲ್ಲಾ ಕಡೆ ನಡೆಯುತ್ತೆ. ಗೇಟಲ್ಲಿ ಮಿಷನ್ನಿಗೆ ಮುಖ ತೋರ್ಸಿ, ಅದೇ ಹೆಸರು ಹಿಡಿದು ಕೂಗುತ್ತೆ. ಇವತ್ತಿಂದಾನೇ ಶುರು."

"ಅಬ್ಬಾ, ಆ ವಿಡಿಯೋ ಕಾಟ ತಪ್ತು!" ಎಂದು ಕೃಷ್ಣಪ್ಪ ಆಕಾಶಕ್ಕೆ ಕೈಮುಗಿದ. ಬಸು ಶಿಳ್ಳೆ ಹಾಕಿದ. ಚನ್ನವೀರಪ್ಪ ಮಾತ್ರ ಲೋಟವನ್ನು ತುಟಿಯವರೆಗೆ ಒಯ್ದು, ಕರೆಂಟು ಹೋದ ಫ್ಯಾನಿನಂತೆ ನಿಧಾನಕ್ಕೆ ನಿಂತುಹೋದ.

"ಮತ್ತೆ, ಗೇಟಿಂದ ಯಾರಾದ್ರೂ ವಾಪಸ್ ಬಂದ್ರೋ, ನಾಳೆಯಿಂದ ನಾಗಪುರ ಲೈನು" ಎಂದು ಹೇಳಿ ಶ್ರೀಧರ್ ಒಳಗೆ ಹೋದ.

ಆ ಆಫೀಸಿನಲ್ಲಿ ಇದ್ದದ್ದು ಎರಡೇ ಲೈನು. ಏರ್‌ಪೋರ್ಟ್ ಲೈನಿನವನು ಬೆಳಗ್ಗೆ ಪೀಣ್ಯದಲ್ಲಿ ಪಂಪು ತುಂಬಿಕೊಂಡು ಹೋಗಿ ಸಂಜೆಗೆ ಮನೆ ಸೇರುತ್ತಾನೆ. ನಾಗಪುರ ಲೈನಿನವನನ್ನು ಮನೆಯ ನಾಯಿ ಕೂಡ ಗುರುತು ಹಿಡಿಯುವುದಿಲ್ಲ. ಚನ್ನವೀರಪ್ಪನಿಗೆ ಸಂಜೆ ಬೇಕೇ ಬೇಕು. ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ ಹತ್ತಿರ ಅವನ ಹೆಂಡತಿ ಬಸಮ್ಮ ಮಂಡಕ್ಕಿ ಮಿರ್ಚಿಯ ಗಾಡಿ ಇಟ್ಟಿದ್ದಳು. ಮಂಡಕ್ಕಿ ಕಲೆಸುವುದು ಅವಳು, ಮಿರ್ಚಿ ಕರಿಯುವುದು ಅವನು. ದಾವಣಗೆರೆಯಿಂದ ಬಂದ ಮೇಲೂ ಕೈಬಿಡದ ವಿದ್ಯೆ ಅದೊಂದೇ. ಎಣ್ಣೆಯ ಮುಂದೆ ಅವನಿಲ್ಲದಿದ್ದರೆ ಗಾಡಿಯೇ ಇಲ್ಲ.

ಇಂಥವನು ಒಳ್ಳೆಯ ಸುದ್ದಿ ಕೇಳಿ ಕಲ್ಲಾದದ್ದೇಕೆ? ಅದಕ್ಕೆ ಪೀಣ್ಯದ ಒಂದು ಪದ್ಧತಿಯನ್ನು ಹೇಳಬೇಕು. ಕಾರ್ಗೋದಲ್ಲಿ ಸರಕು ಇಳಿಸಿಕೊಳ್ಳುವ ಪ್ರತಿ ಶೆಡ್ಡಿನವರೂ ಇಷ್ಟು ದಿನ ಪ್ರತಿ ಚಾಲಕನನ್ನೂ ಕೂರಿಸಿ, ವಿಡಿಯೋ ತೋರಿಸಿ ಅದೇ ಪಾಠ ಮಾಡುತ್ತಿದ್ದರು: ಅಪರಿಚಿತರ ಗಂಟು ಲಾರಿಗೆ ಹಾಕಿಕೊಳ್ಳಬೇಡಿ, ಸೀಲು ನೋಡಿ, ಲಾರಿ ಬಿಟ್ಟು ಟೀಗೆ ಹೋಗಬೇಡಿ. ಕೊನೆಗೆ ಒಂದು ಫೋಟೋ, ಒಂದು ಊಟದ ಪೊಟ್ಟಣ. ಆದರೆ ಕ್ಲಾಸಿನ ದಿನವೇ ಲೋಡೂ ಇರುತ್ತಿತ್ತು. ಹಾಗಾಗಿ ಯಾರ ಲಾರಿ ಗ್ಯಾರೇಜಿನಲ್ಲಿದೆಯೋ ಅವನು ಉಳಿದವರ ಹೆಸರಿಗೆ ಹೋಗಿ ಕೂತುಬರುವುದು ವಾಡಿಕೆ. ಚನ್ನವೀರಪ್ಪನ ಲಾರಿಗೆ ರಸ್ತೆಗಿಂತ ಗ್ಯಾರೇಜೇ ಹೆಚ್ಚು ಪರಿಚಯ. ಆದ್ದರಿಂದ ನಂಜಪ್ಪನ ಹೆಸರಿಗೆ ಅವನೇ, ಕೃಷ್ಣಪ್ಪನ ಹೆಸರಿಗೆ ಅವನೇ, ಬಸುವಿನ ಹೆಸರಿಗೂ ಅವನೇ. ಏಸಿಯಲ್ಲಿ ಕೂತು, ಪುಳಿಯೋಗರೆ ತಿಂದು, ಪ್ರತಿ ಸಲವೂ ಕ್ಯಾಮೆರಾಕ್ಕೆ ಮೀಸೆ ತಿರುವಿ ಫೋಟೋ ಕೊಟ್ಟು ಬಂದಿದ್ದ. ಅವನದೇ ಹೆಸರು ಬಂದ ದಿನ ಮಾತ್ರ ಹಾಳು ಲಾರಿ ಸ್ಟಾರ್ಟ್ ಆಗಿ, ಅವನ ಬದಲಿಗೆ ನಂಜಪ್ಪ ಹೋಗಿ ಕೂತಿದ್ದ.

ಇದನ್ನು ಅವನು ಬಿಡಿಸಿ ಹೇಳುತ್ತಲೇ ಬಸುವಿನ ಶಿಳ್ಳೆ ಅರ್ಧಕ್ಕೇ ನಿಂತಿತು.

"ಗುರು, ಅಂದ್ರೆ ನನ್ ಹೆಸರಿಗೆ ನಿನ್ ಮುಖಾನಾ?"

"ನಿನ್ನದಕ್ಕೆ ಅಷ್ಟೇ ಅಲ್ಲಲೇ, ಎಲ್ಲಾರದಕ್ಕೂ ನಂದೇ ಐತೆ. ನಂದಕ್ಕೆ ಮಾತ್ರ ಈ ನಂಜಪ್ಪಂದು!"

ನಂಜಪ್ಪ ಚಿಕ್ಕಬಾಣಾವರದ ಮೂಲನಿವಾಸಿ, ಬಾಡಿಗೆ ಮನೆಗಳ ಒಡೆಯ. ಮನೆಯಲ್ಲಿ ಕೂತರೆ ಹೆಂಡತಿ ಕೆಲಸ ಹೇಳುತ್ತಾಳೆಂದು ಲಾರಿ ಓಡಿಸುತ್ತಿದ್ದ. ಅವನಿಗೆ ಯಾವುದೂ ಗಾಬರಿಯ ವಿಷಯವಲ್ಲ. "ಇಂಗ್ಯಾಕ್ ಎದರ್ಕಂತೀಯಣ್ಣ? ಮಿಷನ್ ತಾನೇ, ಅದುಕ್ಕೇನ್ ಗೊತ್ತಾಯ್ತದೆ? ನನ್ ಅಂಗೆ ಕಂಡ್ರೆ ಆಯ್ತಪ್ಪ."

ಈ ಮಾತಿನಿಂದ ಕೃಷ್ಣಪ್ಪನಿಗೆ ಉಪಾಯವೊಂದು ಮಿಂಚಿನಂತೆ ಹೊಳೆಯಿತು. "ಕರೆಕ್ಟ್! ನಂಜಪ್ಪಂಗೆ ಮೀಸೆ ಇಲ್ಲ. ನೀನೂ ತೆಗ್ಸಿಬಿಡು!"

"ಮೀಸೆಗೆ ಕೈ ಹಾಕಬ್ಯಾಡ್ರಿ! ಮದುವಿ ದಿನದಿಂದ ಐತೆ ಅದು."

"ನಾಗಪುರದಲ್ಲಿ ಮೀಸೆ ಬೆಳೆಸ್ಕೊಂಡು ಏನ್ ಮಾಡ್ತೀಯ ಗುರು?" ಎಂದ ಬಸು.

ಎದುರಿನ ಸೆಲೂನಿನಲ್ಲಿ ಮೂವರು ಸಲಹೆಗಾರರ ನಡುವೆ ಮೀಸೆ ಹೋಯಿತು. ಕನ್ನಡಿಯಲ್ಲಿ ತನ್ನ ಮೇಲ್ತುಟಿಯನ್ನು ನೋಡಿ ಚನ್ನವೀರಪ್ಪ ಬೆಚ್ಚಿಬಿದ್ದ. ಅದು ಚಾಪೆ ಎತ್ತಿದ ಮೇಲಿನ ನೆಲದಂತೆ ಬೆಳ್ಳಗೆ ಹೊಳೆಯುತ್ತಿತ್ತು. ನಂಜಪ್ಪ ತಲೆ ವಾಲಿಸಿ ನೋಡಿ, "ನನ್ ಅಂಗೇನೂ ಇಲ್ಲ ಬುಡು. ನಿಮ್ ಅತ್ತೆ ಅಂಗ್ ಕಾಣ್ತೀಯ" ಎಂದ.

ಎರಡು ಲಾರಿ ಹೊರಟವು. ಮುಂದೆ ಚನ್ನವೀರಪ್ಪ, ಹಿಂದೆ ನಂಜಪ್ಪ. ಪಂಪಿನ ಪೆಟ್ಟಿಗೆಗಳು ಮಧ್ಯಾಹ್ನದ ವಿಮಾನ ಹತ್ತಬೇಕು. ಹೆಬ್ಬಾಳದ ಜಾಮಿನಲ್ಲಿ ನಿಂತಷ್ಟು ಹೊತ್ತೂ ಚನ್ನವೀರಪ್ಪ ಇಲ್ಲದ ಮೀಸೆಯನ್ನು ಸವರಿಕೊಂಡ.

ಕಾರ್ಗೋ ಗೇಟಿನಲ್ಲಿ ಕಂಬದ ಮೇಲೆ ಹೊಸ ಯಂತ್ರವಿತ್ತು. ಗಾರ್ಡು, "ಬನ್ನಿ ಅಣ್ಣ, ಮುಖ ಇಡಿ" ಎಂದ. ಚನ್ನವೀರಪ್ಪ ಕಣ್ಣುಮುಚ್ಚಿ ಮುಖ ಇಟ್ಟ.

"ಸ್ವಾಗತ, ಕೃಷ್ಣಪ್ಪ" ಎಂದಿತು ಯಂತ್ರ, ಮದುವೆ ಮನೆಯ ಮೈಕಿನಷ್ಟು ಗಟ್ಟಿಯಾಗಿ.

ಗಾರ್ಡು ಲೈಸೆನ್ಸು ನೋಡಿದ. "ಇದ್ರಲ್ಲಿ ಚನ್ನವೀರಪ್ಪ ಅಂತಿದೆ?"

"ಮಿಷನ್ ಹೊಸದಲ್ರೀ, ಇನ್ನೂ ಕಲೀತಾ ಐತೆ" ಎಂದು ಚನ್ನವೀರಪ್ಪ ಹಲ್ಲುಕಿರಿದ. ಮತ್ತೆ ಮುಖ ಇಟ್ಟ.

"ಸ್ವಾಗತ, ಬಸವರಾಜ."

ಗಾರ್ಡ್‌ನ ಹುಬ್ಬು ಟೋಪಿಯೊಳಗೆ ಹೋಯಿತು. ಹಿಂದಿನ ಲಾರಿಗಳೆಲ್ಲ ಹಾರನ್ ಶುರುಮಾಡಿದವು. ಮೂರನೆಯ ಸಲ ಯಂತ್ರ ಸಂತೋಷದಿಂದ "ಸ್ವಾಗತ, ನಂಜಪ್ಪ" ಎಂದಾಗ ಗಾರ್ಡು ಒಂದು ಹೆಜ್ಜೆ ಹಿಂದೆ ಸರಿದ. "ಏನ್ ಸಾರ್ ನೀವು, ಎಷ್ಟು ಜನ ಇದೀರ ಒಳಗೆ?"

ಇಲ್ಲಿಗೆ ನಿಂತಿದ್ದರೆ ಯಂತ್ರವನ್ನು ಬೈದು ಹೇಗೋ ಮುಗಿಸಬಹುದಿತ್ತು. ಆದರೆ ಸ್ನೇಹಿತನಿಗೆ ಸಹಾಯ ಮಾಡಲು ನಂಜಪ್ಪ ಲಾರಿಯಿಂದ ಇಳಿದುಬಂದ. "ಏಯ್, ನಂಜಪ್ಪ ನಾನು ಕಣಯ್ಯ! ತೋರುಸ್ತೀನಿ ನೋಡು" ಎಂದು ಅವನೂ ಮುಖ ಇಟ್ಟ.

"ಸ್ವಾಗತ, ಚನ್ನವೀರಪ್ಪ."

ಗಾರ್ಡು ವಾಕಿಟಾಕಿ ಎತ್ತಿಕೊಂಡ.

ಎಲ್ಲ ಶೆಡ್ಡುಗಳ ಸೆಕ್ಯುರಿಟಿ ಟ್ರೈನಿಂಗಿನ ಅಧಿಕಾರಿ ದಿವ್ಯಾ ಎಂಬ ಹುಡುಗಿ. ಗಾಜಿನ ಕೋಣೆಯಲ್ಲಿ ಇಬ್ಬರನ್ನೂ ನಿಲ್ಲಿಸಿ ಕಂಪ್ಯೂಟರಿನಲ್ಲಿ ರೆಕಾರ್ಡು ತೆಗೆದಳು. ಒಂದು ಫೋಟೋ ಬಂತು. ಅದೇ ಮೀಸೆಯ ಇನ್ನೊಂದು ಫೋಟೋ ಬಂತು. ಆಮೇಲೆ ಬರುತ್ತಲೇ ಹೋದವು. ಅದೇ ಮೀಸೆ, ಅದೇ ತಿರುವು, ಕೆಳಗೆ ಬೇರೆಬೇರೆ ಹೆಸರು.

"ಮೈ ಗಾಡ್! ಇದು ಫ್ರಾಡು! ಪೊಲೀಸ್ ಕೇಸ್ ಆಗುತ್ತೆ, ಗೊತ್ತಾ? ಒಬ್ಬನೇ ಮನುಷ್ಯ ಇಷ್ಟೊಂದು ಹೆಸರಲ್ಲಿ ಬಂದು ಕೂತಿದ್ರೆ, ಫೋಟೋ ತೆಗೆದೋರು ಯಾರು? ಕಣ್ಣು ಕಾಣಿಸ್ತಿರ್ಲಿಲ್ವಾ ಅವರಿಗೆ?" ಎನ್ನುತ್ತ ಕೊನೆಯ ಸಾಲಿಗೆ ಬಂದಳು. ಅಲ್ಲೇ ನಿಂತಳು. ಅವಳ ಮುಖ ಚನ್ನವೀರಪ್ಪನ ಮೇಲ್ತುಟಿಯ ಬಣ್ಣಕ್ಕೆ ತಿರುಗಿತು.

"ನೀವೇ ಅಲ್ವಾ ಮೇಡಂ?" ಎಂದ ನಂಜಪ್ಪ ಮುಗ್ಧವಾಗಿ. "ಯೋಳಿದ್ರಲ್ಲ, ಸ್ವಲ್ಪ ನಗಿ ಅಂತ."

ಅಷ್ಟರಲ್ಲಿ ಚನ್ನವೀರಪ್ಪನ ಫೋನು ಹೊಡೆದುಕೊಂಡಿತು. ಶ್ರೀಧರ್. "ಎಲ್ಲಿ ಸಾಯ್ತಿದೀಯ? ಫ್ಲೈಟ್ ಮಿಸ್ಸಾದ್ರೆ ನಾಗಪುರ, ನೆನಪಿಟ್ಕೋ!"

"ಮೇಡಂ, ಕೈಮುಗಿತೀನ್ರಿ, ನನ್ನ ಏರ್‌ಪೋರ್ಟ್ ಲೈನು ಒಂದು ಉಳಿಸಿಕೊಡ್ರಿ" ಎಂದ ಚನ್ನವೀರಪ್ಪ.

ದಿವ್ಯಾ ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿದಳು. "ನೋಡಿ, ಸಿಸ್ಟಮ್ಮೇ ಕೇಳ್ತಿದೆ: ಮುಖ ಒಂದೇ ಇದೆ, ಹೆಸರು ಬೇರೆ ಇದೆ, ಸೇರಿಸಲಾ ಅಂತ. ಹೂಂ ಅಂದ್ರೆ ಎಲ್ಲಾ ಟ್ರೈನಿಂಗೂ ನಿಮ್ಮ ಹೆಸರಿಗೇ ಬರುತ್ತೆ. ಇವರು ಕೂತಿದ್ದು ಇವರ ಹೆಸರಿಗೆ. ತಪ್ಪು ಹೆಸರೆಲ್ಲ ಅಳಿಸಿಹೋಗುತ್ತೆ. ಯಾರೂ ಏನೂ ಕೇಳಲ್ಲ."

"ಹೂಂ ಅನ್ರೀ ಮೇಡಂ, ನಿಮ್ಮ ಪುಣ್ಯ!"

ಅವಳು ಒತ್ತಿದಳು. ಗೇಟಿನ ಯಂತ್ರ "ಸ್ವಾಗತ, ಚನ್ನವೀರಪ್ಪ" ಎಂದಾಗ, ಸ್ವಂತ ಹೆಸರು ಇಷ್ಟು ಇಂಪಾಗಿದೆಯೆಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಪೆಟ್ಟಿಗೆಗಳು ಇಳಿದವು, ವಿಮಾನ ಹತ್ತಿದವು. ಬಸಮ್ಮನಿಗೆ ಫೋನು ಮಾಡಿ, "ಇವತ್ತು ಮೆಣಸಿನಕಾಯಿ ಜಾಸ್ತಿನೇ ತಗಾ" ಎಂದ. ಪೀಣ್ಯಕ್ಕೂ ಫೋನು ಮಾಡಿ ಬಸುವನ್ನು ಕೆಣಕಿದ: "ಲೇ ತಮ್ಮಾ, ನಿನ್ನ ರೆಕಾರ್ಡು ಸೊನ್ನೆ! ಹೋಗಿ ಕೂತು ವಿಡಿಯೋ ನೋಡಲೇ!"

ವಾಪಸು ಹೊರಡುವಾಗ ಹೊರಗೇಟಿನ ಯಂತ್ರಕ್ಕೆ ಅವನು ತಾನಾಗಿಯೇ ಮುಖ ಇಟ್ಟ. ಯಂತ್ರ ಸ್ವಾಗತಿಸಲಿಲ್ಲ. ಕೆಂಪು ದೀಪ ಹತ್ತಿ, ಅಳುವ ಮಗುವಿನಂಥ ಸದ್ದು ಹೊರಟಿತು.

ಅದೇ ಗಾರ್ಡು, ಅದೇ ಗಾಜಿನ ಕೋಣೆ. ದಿವ್ಯಾ ಪರದೆಯ ಮೇಲಿನದನ್ನು ಓದುತ್ತ ಓದುತ್ತ ಕುರ್ಚಿಯ ಅಂಚಿಗೆ ಬಂದಳು. "ಚಾಲಕ ಚನ್ನವೀರಪ್ಪ ಒಂದೇ ಪಾಠಕ್ಕೆ ಹನ್ನೊಂದು ಸಲ ಹಾಜರಾಗಿದ್ದಾರೆ. ಪಾಸಾದವರು ಮತ್ತೆ ಹಾಜರಾಗುವ ಪ್ರಮೇಯವಿಲ್ಲ. ಆದ್ದರಿಂದ ಹತ್ತು ಸಲ ಫೇಲಾಗಿದ್ದಾರೆಂದು ಪರಿಗಣಿಸಿ ಪ್ರವೇಶ ತಡೆಹಿಡಿಯಲಾಗಿದೆ. ಈ ವಿವರವನ್ನು ಎಲ್ಲ ಶೆಡ್ಡುಗಳೊಂದಿಗೆ, ಲಾರಿ ಮಾಲೀಕರೊಂದಿಗೆ ಹಂಚಿಕೊಳ್ಳಲಾಗಿದೆ."

ಹಂಚಿಕೊಂಡದ್ದು ಸುಳ್ಳಲ್ಲವೆಂಬಂತೆ ಫೋನು ಹೊಡೆದುಕೊಂಡಿತು.

"ಏನಯ್ಯಾ ಇದು?" ಶ್ರೀಧರನ ದನಿಯಲ್ಲಿ ಕೋಪಕ್ಕಿಂತ ದಿಗ್ಭ್ರಮೆ ಹೆಚ್ಚಾಗಿತ್ತು. "ಲಾರಿ ಬಿಟ್ಟು ಟೀಗೆ ಹೋಗಬೇಡ ಅನ್ನೋದು ಹನ್ನೊಂದು ಸಲ ಹೇಳಿದ್ರೂ ತಲೆಗೆ ಹತ್ಲಿಲ್ವಾ ನಿಂಗೆ? ಬಸು ನೋಡು, ಫ್ರೆಶ್ ರೆಕಾರ್ಡು, ಒಂದು ಕಪ್ಪು ಚುಕ್ಕೆ ಇಲ್ಲ. ನಾಳೆ ಬೆಳಗ್ಗೆ ಕ್ಲಾಸಿಗೆ ಕೂತು ಬರಲಿ, ಏರ್‌ಪೋರ್ಟ್ ಲೈನು ಅವನಿಗೆ. ನೀನು ನಾಗಪುರಕ್ಕೆ ರೆಡಿಯಾಗು."

ಚನ್ನವೀರಪ್ಪ ಮೇಜಿನ ಮೇಲೆ ಬಾಗಿದ. "ಮೇಡಂ, ಸೇರಿಸಿದ್ದನ್ನ ಮತ್ತೆ ಬಿಡಿಸಿಬಿಡ್ರಿ."

"ಬಿಡಿಸಿದ್ರೆ ಫೋಟೋ ಎಲ್ಲ ವಾಪಸ್ ಬರುತ್ತೆ. ಕೆಳಗೆ ನನ್ನ ಸೈನ್ ಇರುತ್ತೆ." ಅವಳು ಪರದೆಯನ್ನು ಕೆಳಕೆಳಗೆ ಎಳೆದಳು, ಒಮ್ಮೆಲೇ ಮುಖ ಅರಳಿತು. "ಇರಿ ಇರಿ, ದಾರಿ ಇದೆ! ಇಲ್ಲೇ ಬರ್ದಿದಾರೆ. ಇಂಥ ಚಾಲಕರು ಇನ್ನೊಂದು ಸಲ ಟ್ರೈನಿಂಗಿಗೆ ಹಾಜರಾಗಬೇಕು, ಅಷ್ಟೇ. ನಾಳೆ ಬಂದು ನಿಮ್ಮ ಹೆಸರಲ್ಲೇ ಕೂತ್ಕೊಳ್ಳಿ, ಎಲ್ಲಾ ಸರಿಹೋಗುತ್ತೆ!"

ಚನ್ನವೀರಪ್ಪನ ಮುಖವೂ ಅರಳಲು ಹೊರಟಿತು. ಅರ್ಧಕ್ಕೇ ನಿಂತಿತು.

"ಅಲ್ರೀ ಮೇಡಂ, ಕೂತ್ರೆ ಹನ್ನೆರಡು ಆಗತೈತಲ್ರೀ?"

ದಿವ್ಯಾ ಪರದೆಯ ಮೇಲಿನದನ್ನು ಮೊದಲಿನಿಂದ ಮತ್ತೆ ಓದಿ, ಫೇಲಾದ ಲೆಕ್ಕವನ್ನು ಬೆರಳಲ್ಲಿ ಎಣಿಸಿದಳು. ಕೊನೆಗೆ ಚನ್ನವೀರಪ್ಪ ಮೆಲ್ಲಗೆ ಕೇಳಿದ:

"ನಾಗಪುರದಾಗೆ ಈಗ ಬಿಸಿಲು ಭಾಳ ಇರತೈತೇನ್ರೀ?"