ಷೀಲ್ಡಿನ ಮೇಲಿನ ಚಿಕ್ಕೇಗೌಡರು

ಯಾವುದಾದರೂ ಹವ್ಯಾಸ ನಿಮಗೆ ಪ್ರಾಣಕ್ಕಿಂತ ಹೆಚ್ಚು ಎನ್ನಿಸಿದರೆ ದಯವಿಟ್ಟು ಅದರ ಸಮಿತಿಗೆ ಮಾತ್ರ ಸೇರಬೇಡಿ. ಸೇರಿ ಅನುಭವಿಸಿದವನು ಹೇಳುತ್ತಿದ್ದೇನೆ. ನನ್ನದು ಹ್ಯಾಮ್ ರೇಡಿಯೋ. ನಂಜನಗೂಡಿನ ನಮ್ಮ ಮನೆಯ ತಾರಸಿಯ ಮೇಲೊಂದು ಆಂಟೆನಾ, ಕೆಳಗಿನ ಕೋಣೆಯಲ್ಲೊಂದು ಯಂತ್ರ. ಇವೆರಡಿದ್ದರೆ ಕಂಡರಿಯದ ದೇಶದವರ ಜೊತೆ ಮಾತಾಡಬಹುದು. ವರ್ಷಕ್ಕೊಮ್ಮೆ ಇದಕ್ಕೊಂದು ಅಂತರರಾಷ್ಟ್ರೀಯ ಸ್ಪರ್ಧೆ. ಒಂದು ದಿನದೊಳಗೆ ಹೆಚ್ಚು ದೇಶಗಳೊಡನೆ ಮಾತಾಡಿದವರು ಗೆದ್ದಂತೆ. ಇದರ ಬಹುಮಾನ ಮತ್ತು ಪ್ರಚಾರದ ಹೊಣೆಯನ್ನು ನಾಲ್ಕು ವರ್ಷದ ಹಿಂದೆ ನಮ್ಮ ಕ್ಲಬ್ಬು ಹೊತ್ತುಕೊಂಡಿತು. ಕ್ಲಬ್ಬು ಎಂದರೆ ನಾನು, ಮತ್ತು ತಿ. ನರಸೀಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಶಿವಮಲ್ಲಪ್ಪ. ಅಂದಿನಿಂದ ಸ್ಪರ್ಧೆಯ ದಿನ ನಾನು ಮೈಕು ಮುಟ್ಟಿಲ್ಲ. ಪೋಸ್ಟರು, ಸರ್ಟಿಫಿಕೇಟು, ಪಾರ್ಸೆಲ್ಲು ಎಂದು ಓಡಾಡುವುದರಲ್ಲೇ ನನ್ನ ಕಥೆ ಮುಗಿಯುತ್ತದೆ. ಈ ಸಲ ಏನಾದರಾಗಲಿ, ಒಂದು ದೇಶದವರನ್ನಾದರೂ ಮಾತಾಡಿಸಿಯೇ ತೀರುತ್ತೇನೆಂದು ಪಣ ತೊಟ್ಟಿದ್ದೆ.

ಬಹುಮಾನದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ದಾನಕ್ಕೊಂದು ಪದ್ಧತಿಯಿದೆ. ಶಾಲೆಗೆ ಫ್ಯಾನು ಕೊಟ್ಟರೆ ಅದರ ಮೂರೂ ರೆಕ್ಕೆಗಳ ಮೇಲೆ ತೀರಿಕೊಂಡ ಹಿರಿಯರ ಹೆಸರು ಬರೆಸುತ್ತಾರೆ. ಕರೆಂಟು ಹೋದಾಗ ಮಕ್ಕಳು ಓದಿಕೊಳ್ಳುತ್ತವೆ. ಷೀಲ್ಡು ಕೊಡಿಸಲು ಒಪ್ಪಿದವರು ಕವಲಂದೆಯ ಸಿದ್ದೇಗೌಡರು, ಹಸು ಸಾಕಿ ಹಾಲು ಹಾಕುವವರು, ಶಿವಮಲ್ಲಪ್ಪನ ಹಳೆಯ ಗಿರಾಕಿ. ಅವರದು ಒಂದೇ ಷರತ್ತು. "ಅಪ್ಪನ್ ಫೋಟ ಆಕ್ಸಿ ಸಾ. ಬರೀ ಎಸ್ರು ಬರುದ್ರೆ ಯಾರ್ ನೆಪ್ಪಿಟ್ಕತರೆ?" ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಗೆದ್ದವನ ಹೆಸರು ಅಡಿಯಲ್ಲಿ ಇರುವೆಯ ಸಾಲಿನ ಹಾಗೆ ಬಂತು. ಮೇಲೆ ಪೇಟ ಸುತ್ತಿದ ದಿವಂಗತ ಚಿಕ್ಕೇಗೌಡರು ಗಂಭೀರವಾಗಿ ಕೂತರು.

ಹೋದ ವರ್ಷ ಗೆದ್ದವನು ಫಿನ್ಲೆಂಡಿನವನು. ಷೀಲ್ಡು ತಲುಪಿದ ಮೇಲೆ ಪತ್ರ ಬರೆದ. ಅದನ್ನು ತನ್ನ ರೇಡಿಯೋದ ಮೇಲುಗಡೆ ನೇತುಹಾಕಿ ಫೋಟೋ ತೆಗೆದು ಕಳಿಸಿದ್ದ. ಜೊತೆಗೊಂದು ಪ್ರಶ್ನೆ: ಈ ಹಿರಿಯ ಚಾಂಪಿಯನ್ನರ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಕೂಗುವ ಗುರುತಿನ ಹೆಸರು, ಯಾವುದು, ಎಷ್ಟು ದೇಶಗಳೊಡನೆ ಮಾತಾಡಿದ್ದರು? ಚಿಕ್ಕೇಗೌಡರು ಜೀವಮಾನದಲ್ಲಿ ಮುಟ್ಟಿದ್ದು ಕೃಷಿರಂಗ ಕೇಳುವ ರೇಡಿಯೋ ಒಂದನ್ನೇ. ನಿಜ ಬರೆಯಲು ನಾಚಿಕೆ, ಸುಳ್ಳು ಬರೆಯಲು ಭಯ. ಎರಡು ದಿನ ಒದ್ದಾಡಿ, ಅವರು ಮಾತಿಗಿಂತ ಕೇಳುವುದರಲ್ಲೇ ಹೆಸರಾದವರು ಎಂದು ಬರೆದೆ. ಫೋಟೋವನ್ನು ಸಿದ್ದೇಗೌಡರಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ ಕಣ್ಣೊರೆಸಿಕೊಂಡರು. "ಅಪ್ಪ ಮೈಸೂರು ದಾಟಿ ಓದೋರಲ್ಲ ಸಾ. ಈಗ ಎಲ್ಲಿ ಕೂತವ್ರೆ ನೋಡಿ." ಫೋಟೋ ತೋರಿಸಿದ್ದೇ ತಪ್ಪಾಯಿತು.

ಏಕೆಂದರೆ ಈ ಸಲ ಪ್ರಚಾರದ ಫ್ಲೆಕ್ಸನ್ನೂ ತಾವೇ ಹಾಕಿಸುವುದಾಗಿ ಅವರು ಹೊರಟರು. ಅನಾವರಣ ಶಿವಮಲ್ಲಪ್ಪನ ಅಂಗಡಿ ಮುಂದೆ, ಸ್ಪರ್ಧೆಯ ಭಾನುವಾರವೇ ಮಧ್ಯಾಹ್ನ. ನೆಂಟರಿಗೆಲ್ಲ ಬಿಡುವು ಅವತ್ತೇ. ಸ್ಪರ್ಧೆ ಮುಗಿಯುವುದು ಸಂಜೆ ಐದೂವರೆಗೆ. ಬೆಳಗ್ಗೆಯೆಲ್ಲ ಬಾಳೆಹಣ್ಣು, ಹಾರ, ಮೈಕ್‌ಸೆಟ್ಟು ಎಂದು ಹೋಯಿತು. ಫ್ಲೆಕ್ಸಿನಲ್ಲಿ ಭೂಪಟದ ತುಂಬ ಚಿಕ್ಕೇಗೌಡರಿದ್ದರು. ಕೆಳಮೂಲೆಯಲ್ಲಿ ಅಂಚೆಚೀಟಿಯಷ್ಟು ನಾನಿದ್ದೆ, ಕಂಬಕ್ಕೆ ಕಟ್ಟಿದ ಹಗ್ಗ ಸರಿಯಾಗಿ ನನ್ನ ಮೂಗಿನ ಮೇಲೆ ಹಾದುಹೋಗಿತ್ತು. ಐದು ಜನ ಭಾಷಣ ಮಾಡಿದರು. ನನಗೂ ಒಂದು ಶಾಲು ಹೊದಿಸಿದರು.

ಬಸ್ಸು ಹಿಡಿದು ಮನೆ ಸೇರಿದಾಗ ಐದೂ ಇಪ್ಪತ್ತು. ಶಾಲು ಹೊದ್ದುಕೊಂಡೇ ಯಂತ್ರ ಹಾಕಿ ನಮ್ಮ ಕ್ಲಬ್ಬಿನ ಕಾಲ್‌ಸೈನ್ ಕೂಗಿದೆ. ಐದೂ ಇಪ್ಪತ್ತೆಂಟಕ್ಕೆ ಉತ್ತರ ಬಂತು. ಸ್ಪರ್ಧೆಯಲ್ಲಿ ನಾಲ್ಕು ವರ್ಷಕ್ಕೆ ನನಗೆ ಸಿಕ್ಕ ಮೊದಲ ದನಿ. ಅದೇ ಫಿನ್ಲೆಂಡಿನವನು. ಕ್ಲಬ್ಬಿನ ಗುರುತು ಸಿಕ್ಕಿದ್ದೇ ಸ್ಪರ್ಧೆಯ ಗಡಿಬಿಡಿಯನ್ನೂ ಮರೆತು, ಆ ಮಹಾನ್ ಕೇಳುಗರ ಮನೆಯವರಿಗೆ ತನ್ನ ನಮಸ್ಕಾರ ತಿಳಿಸಬೇಕೆಂದ. ನನ್ನ ಹೆಸರು ಹೇಳುವಷ್ಟರಲ್ಲಿ ಹೊತ್ತು ಮುಗಿದಿತ್ತು.

ಆ ಬೇಸರದಲ್ಲಿ ಶಿವಮಲ್ಲಪ್ಪನಿಗೆ ಫೋನು ಮಾಡಿ, ಮುಂದಿನ ವರ್ಷ ಷೀಲ್ಡು ನಾನೇ ಕೊಡಿಸುತ್ತೇನೆ, ಅದರ ಮೇಲೆ ನನ್ನ ಫೋಟೋ ಇರಲಿ ಎಂದೆ. ಅವನೆಂದ, "ಆಕ್ಸಾಣ ಬುಡಿ, ಅದ್ಕೇನಂತೆ. ಆದ್ರೆ ಬದ್ಕಿರೋರ್ ಫೋಟ ಷೀಲ್ಡಿಗೆ ಆಕಾದು ನಮ್ ಕಡೆ ಪದ್ಧತಿ ಇಲ್ಲ ಕಣ್ರೀ."

ನನಗೇನೂ ಅಂಥ ಅವಸರವಿಲ್ಲ ಎಂದು ಫೋನಿಟ್ಟೆ.