ರೇಸ್ ಕೋರ್ಸಿನಲ್ಲಿ ಹಯಗ್ರೀವ

ಕುಡಿಯದವನು ಬಾರಿಗೆ ಹೋಗಿ ಬರೀ ಶೇಂಗಾ ತಿಂದು ಬಂದೆ ಎಂದರೆ ಯಾರೂ ನಂಬುವುದಿಲ್ಲ. ನನ್ನ ಪಾಡೂ ಅದೇ. ನಾನು ಕುದುರೆ ರೇಸಿಗೆ ಹೋಗುತ್ತೇನೆ, ಆದರೆ ದುಡ್ಡು ಕಟ್ಟಿ ಆಡುವುದಿಲ್ಲ. ಕುದುರೆ ಓಡುವುದನ್ನು ಕಣ್ತುಂಬ ನೋಡಿ, ಮನೆಯಿಂದ ಕಟ್ಟಿಕೊಂಡು ಹೋದ ಅವಲಕ್ಕಿ ತಿಂದು, ಮತ್ತೆ ರೈಲು ಹತ್ತುತ್ತೇನೆ. ಹೀಗೆಂದರೆ ಕೆಲವರು ಕಣ್ಣು ಮಿಟುಕಿಸುತ್ತಾರೆ. ಇನ್ನು ಕೆಲವರು ಕಿವಿಯ ಹತ್ತಿರ ಬಂದು ಈ ಸಲ ಯಾವ ಕುದುರೆ ಹಿಡಿಯಬೇಕು ಎಂದು ಕೇಳುತ್ತಾರೆ. ಚಟ ಇದ್ದವನನ್ನು ಜನ ಕ್ಷಮಿಸಿಯಾರು, ಚಟವಿಲ್ಲದೆ ಚಟದ ಜಾಗಕ್ಕೆ ಹೋಗುವವನನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ.

ಇದಕ್ಕೆ ನಮ್ಮ ವಾಡಿಯೂ ಸ್ವಲ್ಪ ಕಾರಣ. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ಮಾಸ್ತರ, ಮನೆ ಮಾತ್ರ ವಾಡಿಯಲ್ಲಿ. ನಮ್ಮ ಜಂಕ್ಷನ್ನಿನಲ್ಲಿ ನಿಂತರೆ ಒಂದು ಹಳಿ ಹೈದರಾಬಾದಿಗೆ, ಒಂದು ಪುಣೆ-ಮುಂಬಯಿಗೆ, ಇನ್ನೊಂದು ಬೆಂಗಳೂರು-ಮದ್ರಾಸಿನ ಕಡೆಗೆ ಹೋಗುತ್ತದೆ. ಯಾವ ಹಳಿ ಹಿಡಿದರೂ ತುದಿಯಲ್ಲಿ ಒಂದು ರೇಸ್ ಕೋರ್ಸ್. ನಮ್ಮೂರ ಸಿಮೆಂಟ್ ಕಾರ್ಖಾನೆಯ ಧೂಳು ಕುಡಿದು ಬದುಕಿದವನಿಗೆ ಅಷ್ಟೊಂದು ಹಸಿರು ಹುಲ್ಲು ಕಂಡರೇ ಹೋದ ಜೀವ ಅರ್ಧ ತಿರುಗಿ ಬರುತ್ತದೆ. ಅದರ ಮೇಲೆ ಕುದುರೆಯೂ ಓಡಿದರೆ ಕೇಳುವುದೇ ಬೇಡ. ಪುಣೆಯಲ್ಲಿ ಜಿಟಿಜಿಟಿ ಮಳೆಯಲ್ಲಿ ಛತ್ರಿ ಹಿಡಿದು ನೋಡಿದ್ದೇನೆ. ಮೈಸೂರಿನಲ್ಲಿ ಬೆಟ್ಟ ನೋಡಲೋ ಕುದುರೆ ನೋಡಲೋ ತಿಳಿಯದೆ ಎರಡನ್ನೂ ಅರ್ಧರ್ಧ ನೋಡಿದ್ದೇನೆ. ಊಟಿಗೆ ಕಲಬುರಗಿ ಕಡೆಯ ಬಿಸಿಲನ್ನೇ ನಂಬಿ ಒಂದೇ ಅಂಗಿಯಲ್ಲಿ ಹೋಗಿ, ಕುದುರೆಗೆ ಹೊದಿಸಿದ ಕಂಬಳಿಯ ಮೇಲೆ ಕಣ್ಣು ಹಾಕಿಕೊಂಡು ಇಡೀ ದಿನ ನಡುಗಿದ್ದೇನೆ.

ಗಂಡ ರೇಸಿಗೆ ಹೋಗಿದ್ದಾನೆ ಎಂದು ಓಣಿಯಲ್ಲಿ ಹೇಳಲು ನನ್ನ ಹೆಂಡತಿ ಸುಮಿತ್ರಾಳಿಗೆ ಬಾಯಿ ಬರಲಿಲ್ಲ. “ಯಾತ್ರಾಕ್ಕ ಹೋಗ್ಯಾರ” ಎಂದುಬಿಟ್ಟಳು. ದೇವರ ದಯೆಯಿಂದ ಯಾವ ರೇಸ್ ಕೋರ್ಸಿನ ಊರಿಗೂ ಕ್ಷೇತ್ರದ ಕೊರತೆಯಿಲ್ಲ. ಪುಣೆ ಎಂದರೆ ಆಳಂದಿ, ಮೈಸೂರು ಎಂದರೆ ನಂಜನಗೂಡು, ಎಲ್ಲವೂ ಸರಿಯಾಗಿ ಕೂಡಿಬಂತು. ಆದರೆ ಯಾತ್ರೆಗೆ ಹೋದವನು ಪ್ರಸಾದ ತರಬೇಕಲ್ಲ! ಪಕ್ಕದ ಮನೆಯ ಶರಣಮ್ಮ ಕಾಕು ನಾನು ಚಪ್ಪಲಿ ಬಿಡುವ ಮೊದಲೇ ಬಟ್ಟಲು ಹಿಡಿದು ನಿಲ್ಲುತ್ತಿದ್ದರು. ಆಯಾ ಊರಿನ ಒಳ್ಳೆಯ ಮಿಠಾಯಿ ಅಂಗಡಿಯ ಪೇಢೆಯ ಮೇಲೆ ನಮ್ಮ ವೃಂದಾವನದ ತುಳಸಿ ಇಟ್ಟು ಸುಮಿತ್ರಾ ಹಂಚುತ್ತಿದ್ದಳು. ಹೀಗೆ ಕೂತಲ್ಲೇ ನಾನು ದೊಡ್ಡ ಭಕ್ತನಾದೆ.

ಭಕ್ತಿಯ ಸುದ್ದಿ ಸೇಡಂ ತನಕ ಹೋಯಿತು. ನಮ್ಮ ಮಗಳು ವಾರಿಜಾಳಿಗೆ ಅಲ್ಲಿಯ ಕಿಶನರಾಯರ ಮಗನನ್ನು ನೋಡಿದ್ದೆವು. ಹುಡುಗ ಚಿಂಚೋಳಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಅವನ ಫೋನು ಬಂದರೆ ವಾರಿಜಾ ಮಾಳಿಗೆ ಹತ್ತುತ್ತಿದ್ದಳು, ಅಷ್ಟರ ಮಟ್ಟಿಗೆ ಒಪ್ಪಿಗೆಯಾಗಿತ್ತು. ತೊಡಕು ಅವನ ತಂದೆಯದು. ರಾಯರು ನಿವೃತ್ತ ಹೆಡ್‌ಮಾಸ್ತರರು. ಹಿಂದೆ ಒಂದು ಸಂಬಂಧವನ್ನು ಹೆಣ್ಣಿನ ತಂದೆ ಇಸ್ಪೀಟು ಆಡುತ್ತಾರೆಂದು ತಿಳಿದು ಮುರಿದು ಎದ್ದು ಬಂದವರು. ನಮ್ಮ ಮನೆಯಲ್ಲಿ ಚಹಾ ಕುಡಿದು, ನನ್ನ ಯಾತ್ರೆಗಳನ್ನು ಬಾಯಿತುಂಬ ಹೊಗಳಿ, ಕೊನೆಗೆ ಒಂದು ಮಾತು ಹೇಳಿದರು. “ಮಾಸ್ತರ್ರೇ, ಮುಂದಿನ ಯಾತ್ರಾಕ್ಕ ನಾನೂ ಬರ್ತೀನ್ರಿ. ಇಬ್ರೂ ಕೂಡಿ ದರ್ಶನ ಮಾಡ್ಕೊಂಡು ಬಂದು ಆಮ್ಯಾಲ ನಿಶ್ಚಯ ಮಾಡೋಣು.” ಸುಮಿತ್ರಾ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಹೈದರಾಬಾದಿಗೆ ಹೋಗುವುದೆಂದು ತೀರ್ಮಾನವಾಯಿತು. ಈ ಸಲ ನಿಜವಾಗಿಯೂ ಗುಡಿಗೇ ಕರೆದುಕೊಂಡು ಹೋಗುವುದೆಂದು ನಾನು ಗಟ್ಟಿ ಮನಸ್ಸು ಮಾಡಿದ್ದೆ. ಸೇಡಂನಲ್ಲಿ ರಾಯರು ರೈಲು ಹತ್ತಿದರು, ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಅವರ ಮನೆಯವರು ದೇವರ ನೈವೇದ್ಯಕ್ಕೆಂದು ಮಡಿಯಲ್ಲಿ ಹಯಗ್ರೀವವೆಂಬ ಸಿಹಿ ಮಾಡಿ ಕೊಟ್ಟಿದ್ದರು. ಕಡಲೆಬೇಳೆ, ಬೆಲ್ಲ, ಕೊಬ್ಬರಿಯ ಪರಿಮಳ ಡಬ್ಬಿಯ ಮುಚ್ಚಳ ದಾಟಿ ಬರುತ್ತಿತ್ತು. ಹೈದರಾಬಾದಿನಲ್ಲಿ ಇಳಿದು ಆಟೋ ಹತ್ತಿದೆವು. ನಾನು ನೋಡದ ಗುಡಿಯ ಗೋಪುರವನ್ನು ದಾರಿಯುದ್ದಕ್ಕೂ ವರ್ಣಿಸುವ ಭರದಲ್ಲಿ, ಆ ಆಟೋದವನು ನನ್ನ ಹಳೇ ಪರಿಚಯದವನೆಂಬುದು ಲಕ್ಷ್ಯಕ್ಕೇ ಬರಲಿಲ್ಲ. ಅವನು ಎಲ್ಲಿಗೆ ಎಂದು ಕೇಳದೆ ಸೀದಾ ರೇಸ್ ಕೋರ್ಸಿನ ಗೇಟಿಗೆ ತಂದು ನಿಲ್ಲಿಸಿ, ನನಗೊಂದು ಸಲಾಮು ಹೊಡೆದ.

ರಾಯರು ಬೋರ್ಡನ್ನು ಹೆಡ್‌ಮಾಸ್ತರರ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿದರು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ಆಡುವುದಿಲ್ಲ, ನೋಡುತ್ತೇನೆ ಅಷ್ಟೇ ಎಂದಾಗ, ಲೆಕ್ಕದ ನೋಟ್‌ಬುಕ್ ಮನೆಯಲ್ಲೇ ಮರೆತೆ ಎನ್ನುವ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದರು. ನನ್ನ ಕಣ್ಣ ಮುಂದೆ ಮಾಳಿಗೆಯ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತ ವಾರಿಜಾ ಬಂದಳು. “ನಡೀರಿ” ಎಂದರು ರಾಯರು. “ನೀವೇನ್ ನೋಡ್ತೀರಿ ಅಂತ ನಾ ನೋಡ್ತೀನಿ.”

ಓಟಕ್ಕೆ ಮೊದಲು ಕುದುರೆಗಳನ್ನು ಜನರ ಮುಂದೆ ಸುತ್ತು ಹಾಕಿಸುವ ಅಂಗಳವೊಂದಿದೆ. ಅದರ ಕಟಕಟೆಗೆ ಒರಗಿ ನಿಂತೆವು. ಒಂದು ಕಂದು, ಒಂದು ಕಪ್ಪು ಹೋದವು. ಆಮೇಲೆ ಬಂತು ನೋಡಿ, ಹಾಲಿನಂಥ ಬಿಳಿ ಕುದುರೆ. ರಾಯರು ಕಟಕಟೆ ಬಿಟ್ಟು ನೆಟ್ಟಗೆ ನಿಂತರು. ನಮ್ಮಲ್ಲಿ ಯತಿಗಳೊಬ್ಬರ ಕಥೆಯಿದೆ. ಅವರು ಹಯಗ್ರೀವದ ಹರಿವಾಣವನ್ನು ತಲೆಯ ಮೇಲೆ ಹೊತ್ತು ಕಣ್ಣು ಮುಚ್ಚಿ ಕೂತರೆ, ದೇವರೇ ಬಿಳಿ ಕುದುರೆಯಾಗಿ ಬಂದು ಹಿಂದಿನಿಂದ ತಿಂದು ಹೋಗುತ್ತಿದ್ದನಂತೆ. ನಾನು ಕುದುರೆಯನ್ನು ನೋಡುತ್ತಾ ಮೈಮರೆತಿದ್ದೆ. ತಿರುಗಿ ನೋಡಿದರೆ ರಾಯರು ಕುದುರೆಗೆ ಬೆನ್ನು ಮಾಡಿ, ಮುಚ್ಚಳ ತೆಗೆದ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ಕುದುರೆಯೂ ನಿಂತಿತು. ಬೆಲ್ಲದ ವಾಸನೆಗೆ ಕಟಕಟೆಯ ಮೇಲೆ ಕತ್ತು ಚಾಚಿತು.

ಅದು ಬಾಯಿ ಹಾಕುವ ಮೊದಲೇ ಕಾವಲಿನವರು ಸೀಟಿ ಊದಿದರು. ಓಟಕ್ಕೆ ಮೊದಲು ಹೊರಗಿನವರು ಕುದುರೆಗೆ ಏನನ್ನೂ ತಿನ್ನಿಸುವಂತಿಲ್ಲ, ಔಷಧ ಹಾಕುವವರು ಇರುತ್ತಾರೆಂಬ ಭಯ. ನಮ್ಮಿಬ್ಬರನ್ನೂ ಡಬ್ಬಿ ಸಮೇತ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿಯ ಸಾಹೇಬರು ಡಬ್ಬಿ ಮೂಸಿ, ಬರೀ ತಿಂಡಿಯಾದರೆ ನೀವೇ ತಿಂದು ತೋರಿಸಿ ಎಂದರು. ರಾಯರು ಒಪ್ಪಲಿಲ್ಲ, ನೈವೇದ್ಯವಾಗದ್ದನ್ನು ತಿನ್ನುವುದು ಹೇಗೆ? ಅಲ್ಲೇ ನೀರು ಕೇಳಿ, ಜೇಬಿನಲ್ಲಿ ತಂದಿದ್ದ ತುಳಸಿ ಹಾಕಿ, ಫೋನಿನ ಪಕ್ಕದಲ್ಲಿ ಡಬ್ಬಿಯಿಟ್ಟು ಮಂತ್ರ ಹೇಳಿದರು. ಸಾಹೇಬರೂ ಎದ್ದು ನಿಂತರು. ನಾವಿಬ್ಬರೂ ತಿಂದೆವು. ಯಾರಿಗೂ ಏನೂ ಆಗದ್ದನ್ನು ನೋಡಿ ಅವರೂ ಒಂದು ತುತ್ತು ತೆಗೆದುಕೊಂಡರು, ಆಮೇಲೆ ಕೇಳಿ ಇನ್ನೊಂದು. ಆದರೂ ಆಫೀಸಿನ ಪದ್ಧತಿಯಂತೆ, ಈ ಮನುಷ್ಯ ಗೊತ್ತೇ ಎಂದು ಜೂಜಿನ ಕೌಂಟರಿನ ಹಳೆಯ ಕಾರಕೂನನನ್ನು ಕರೆಸಿದರು. ಅವನು ನನ್ನನ್ನು ಕಂಡವನೇ ನಕ್ಕ. “ಯೇ ತೋ ದೀವಾನಾ ಹೈ ಸಾಬ್. ಇತ್ತೇ ಬರಸೋಂ ಸೇ ಆತಾ, ಏಕ್ ಬಾರ್ ಭೀ ನೈ ಖೇಲಾ.” ಇವನೊಬ್ಬ ಹುಚ್ಚ, ಇಷ್ಟು ವರ್ಷದಿಂದ ಬರುತ್ತಾನೆ, ಒಮ್ಮೆಯೂ ಆಡಿಲ್ಲ ಎಂದು. ರಾಯರಿಗೆ ನನಗಿಂತ ಚೆನ್ನಾಗಿ ಉರ್ದು ಬರುತ್ತದೆ.

ವಾಪಸಾಗುವಾಗ ತಾಂಡೂರು ದಾಟುವ ತನಕ ರಾಯರು ಡಬ್ಬಿ ಒರೆಸುತ್ತಾ ಕೂತಿದ್ದರು. ಸೇಡಂ ಬಂತು. ಖಾಲಿ ಡಬ್ಬಿ ಹಿಡಿದು ಇಳಿದರು, ನಾಲ್ಕು ಹೆಜ್ಜೆ ಹೋದರು, ತಿರುಗಿ ನನ್ನ ಕಿಟಕಿಗೆ ಬಂದರು.

“ಹುಚ್ಚರ ಮನಿ ಹೆಣ್ಣು ತರಬಹುದ್ರಿ, ಜೂಜಾಡವ್ರ ಮನಿದು ಬ್ಯಾಡ” ಎಂದರು. ರೈಲು ಅಲುಗಿತು. “ಪುಣೆಕ್ಕ ಯಾವಾಗ ಹೋಗ್ತೀರಿ, ಬೀಗ್ರೆ?”

ಬೀಗ್ರೆ ಎಂಬ ಆ ಒಂದು ಮಾತಿಗೆ ವಾಡಿಯ ತನಕ ನನ್ನ ಕಣ್ಣು ಒದ್ದೆಯೇ ಇತ್ತು.

ಮದುವೆ ಚೆನ್ನಾಗಿ ನಡೆಯಿತು. ಈಗ ನಾವಿಬ್ಬರೂ ಕೂಡಿಯೇ ಹೊರಡುತ್ತೇವೆ. ಮೊದಲು ಗುಡಿ, ಆಮೇಲೆ ಕುದುರೆ ಎಂಬುದು ಬೀಗರ ನಿಯಮ. ಅವರ ಪ್ರದಕ್ಷಿಣೆ, ಜಪ, ತೀರ್ಥಪ್ರಸಾದ ಎಲ್ಲ ಮುಗಿಸಿ ಮೈದಾನ ಮುಟ್ಟುವಷ್ಟರಲ್ಲಿ ಕುದುರೆಗಳು ಲಾಯದಲ್ಲಿ ಹುಲ್ಲು ತಿನ್ನುತ್ತಿರುತ್ತವೆ. ನಾನು ಖಾಲಿ ಹುಲ್ಲುಗಾವಲನ್ನು ಕಣ್ತುಂಬ ನೋಡಿ ರೈಲು ಹತ್ತುತ್ತೇನೆ. ತಾನು ಎಂದೂ ಸುಳ್ಳು ಹೇಳಿಲ್ಲ, ನಿಜವನ್ನೇ ಸ್ವಲ್ಪ ಮೊದಲು ಹೇಳಿದ್ದಷ್ಟೇ ಎಂದು ಸುಮಿತ್ರಾ ಈಗ ಎದೆ ತಟ್ಟಿ ಹೇಳುತ್ತಾಳೆ. ಮೊನ್ನೆ ಆಳಂದಿಯಿಂದ ಸರದಿಯಲ್ಲಿ ನಿಂತು ತಂದ ಖರೇ ಪ್ರಸಾದವನ್ನು ಶರಣಮ್ಮ ಕಾಕುವಿನ ಬಟ್ಟಲಿಗೆ ಹಾಕಿದೆ. ಅವರು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು, ಸ್ವಲ್ಪ ಹೊತ್ತು ಚಪ್ಪರಿಸಿದರು.

“ಮೊದಲಿನಂಗ ಇಲ್ಲ ಬಿಡ್ರಿ ಮಾಸ್ತರ್ರೇ” ಎಂದರು. “ಈಗೀಗ ನಿಮ್ಮ ಭಕ್ತಿ ಕಡಿಮ್ಯಾಗ್ಯದ.”