ಬರ್ಕಾದ ಗೀಸರೂ ಬಾಣಂತಿ ನೀರೂ

೧೯೮೮ರ ನನ್ನ ಡೈರಿಯಲ್ಲಿ ಆಗಸ್ಟ್ ೫, ಶುಕ್ರವಾರದ ಪುಟ ಹೀಗಿದೆ: ‘ಗೀಸರ್ ಕೆಮ್ಮುತ್ತಿದೆ. ಅಮ್ಮ ಸಿಟ್ಟಾಗಿದ್ದಾರೆ. ಮಗು ಮಾತ್ರ ಮಲಗಿದೆ.’

ಸಂಸಾರ ಹೂಡಿದ ಮೇಲೆ ಮನೆಯಲ್ಲಿ ಯಾವುದಾದರೊಂದು ಯಂತ್ರ ಬಾಯಿ ಬಿಡುವುದು, ಕಂಡವರೆಲ್ಲ ಅದಕ್ಕೆ ವೈದ್ಯರಾಗುವುದು ನಡೆಯುತ್ತಲೇ ಇರುತ್ತದೆ. ಆದರೆ ಒಮಾನಿನ ಆ ಬೇಸಿಗೆಯಷ್ಟು ಸೊಗಸಾದ ಗಲಾಟೆ ನಮ್ಮ ಮನೆಯಲ್ಲಿ ಮತ್ತೆ ಆಗಲಿಲ್ಲ.

ಆಗ ನಾವು ಅಲ್ಲಿನ ಬರ್ಕಾ ಎಂಬ ಊರಿನಲ್ಲಿ ಒಬ್ಬ ಒಮಾನಿ ಅಜ್ಜನ ಕಟ್ಟಡದ ಕೆಳಗಿನ ಮನೆಯಲ್ಲಿದ್ದೆವು. ನನಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆಂದು ಅಮ್ಮ ಉಡುಪಿಯಿಂದ ಬಂದಿದ್ದರು. ಬಾಣಂತಿಯ ಮೈಮೇಲೆ ನಲವತ್ತು ದಿನವೂ ಸುಡುಸುಡು ನೀರು ಬೀಳಬೇಕೆಂಬುದು ಅವರ ಕಾನೂನು. ಬೇಸಿಗೆಯೆಂದು ಬಂದ್ ಮಾಡಿಟ್ಟಿದ್ದ ಗೀಸರಿನ ಸ್ವಿಚ್ ಹಾಕಿಸಿದರು. ಅರ್ಧ ಗಂಟೆಯಲ್ಲಿ ಅದು ಗುಡುಗುಡು ಎಂದಿತು, ಟಕ್‌ಟಕ್ ಎಂದಿತು, ಕೊನೆಗೆ ಉದ್ದಕ್ಕೆ ‘ಹುಂಯ್ಯ್’ ಎಂದು ನಿಟ್ಟುಸಿರು ಬಿಟ್ಟಿತು.

“ನೋಡಿ, ಒಂದು ದಿನ ನೀರು ತಪ್ಪಿದರೂ ನಾನು ಬಾಣಂತಿಯನ್ನೂ ಮಗುವನ್ನೂ ಊರಿಗೆ ಕರಕೊಂಡು ಹೋಗುವವಳೇ,” ಎಂದರು ಅಮ್ಮ.

ನಮ್ಮವರ ಮುಖ ಸಣ್ಣದಾಯಿತು. ಆಫೀಸಿನಿಂದ ಬಂದವರು ಮಗುವನ್ನೊಮ್ಮೆ ಎತ್ತಿಕೊಳ್ಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

೧. ಅಳಿಯಂದಿರ ಚಿಕಿತ್ಸೆ

ನಮ್ಮವರು ಅಕೌಂಟ್ಸಿನವರು. ಆದರೂ ಧೈರ್ಯಕ್ಕೆ ಕಡಿಮೆ ಇರಲಿಲ್ಲ. ಸ್ಟೂಲ್ ಹತ್ತಿ, ಗೀಸರಿಗೆ ಸ್ಟೀಲ್ ಲೋಟವಿಟ್ಟು, ಲೋಟಕ್ಕೆ ಕಿವಿಯಿಟ್ಟು ಕೇಳಿದರು. “ಗಾಳಿ ಸೇರಿದೆ ಅತ್ತೆ, ಬೇರೆ ಏನಿಲ್ಲ,” ಎಂದು ಸ್ವಿಚ್ ತೆಗೆದು, ನಲ್ಲಿಗಳನ್ನೆಲ್ಲ ತಿರುಗಿಸಿ, ಗೀಸರಿನ ಬೆನ್ನಿಗೆ ಚಪ್ಪಲಿಯಿಂದ ನಾಲ್ಕು ಬಡಿದರು. ಶಬ್ದ ನಿಂತಿತು. ಸ್ವಿಚ್ ಮತ್ತೆ ಹಾಕಿ, ಗೆದ್ದವರ ಹಾಗೆ ಕಾಲರ್ ಸರಿಮಾಡಿಕೊಂಡು ಆಫೀಸಿಗೆ ಹೋದರು. ಅವರ ಕಾರು ತಿರುವು ದಾಟಿತೋ ಇಲ್ಲವೋ, ಒಳಗಿಂದ ಗುಡುಗುಡು.

ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. “ಅಳಿಯಂದಿರು ಮನೆಯಲ್ಲಿರುವಾಗ ಅದೂ ನಮ್ಮ ಹಾಗೆ ಬಾಯಿ ಮುಚ್ಚಿ ಕೂತುಕೊಳ್ತದೆ, ಮಗಾ.”

೨. ಮೇಲಿನ ಮನೆಯ ಬಾಯಮ್ಮ

ಮೇಲಿನ ಮನೆಯಲ್ಲಿ ಮಂಗಳೂರಿನ ಕ್ರಿಶ್ಚಿಯನ್ ದಂಪತಿ ಇದ್ದರು. ಊರಿನ ರೂಢಿಯಂತೆ ನಾವು ಬಾಯಮ್ಮ ಎಂದು ಕರೆಯುತ್ತಿದ್ದ ಆ ಹೆಂಗಸು ಒಂದು ಕಂಪೆನಿಯಲ್ಲಿ ಟೈಪಿಸ್ಟ್. ಮಗುವನ್ನು ನೋಡಲು ಬಂದವರು ನಮ್ಮ ಬಚ್ಚಲಿನ ಶಬ್ದ ಕೇಳಿ ಕುಳಿತಲ್ಲೇ ಬೆಚ್ಚಿದರು.

“ಅಯ್ಯೋ ದೇವರೇ, ಇದು ನಿಮ್ಮ ಗೀಸರಾ?”

“ಹೌದು ಬಾಯಮ್ಮ. ನಿಮಗೂ ಕೇಳಿಸ್ತದಾ?”

“ಮಧ್ಯಾಹ್ನ ಮಲಗಿದಾಗ ಇದೇ ಶಬ್ದ! ನಮ್ಮವರ ಗೊರಕೆ ಅಂತ ನಾನು ಅವರನ್ನು ವಾರದಿಂದ ಹಾಲ್‌ನಲ್ಲಿ ಮಲಗಿಸಿದ್ದೇನೆ. ಪಾಪ, ದಿಂಬು ಎತ್ತಿಕೊಂಡು ಹೋದರು.”

“ಹಾಗಾದರೆ ಈಗ ಒಳಗೆ ಕರೀರಿ,” ಎಂದೆ.

ಅವರು ಸ್ವಲ್ಪ ಯೋಚಿಸಿದರು. “ಬೇಡ. ಹಾಲ್‌ನಿಂದಲೂ ಕೇಳಿಸ್ತಾ ಉಂಟಲ್ಲ. ಅದು ಅವರದ್ದೇ.”

೩. ಪ್ಲಂಬರನ ತೀರ್ಪು

ಕೊನೆಗೆ ಪೇಟೆಯಿಂದ ಒಬ್ಬ ಪಠಾಣ್ ಪ್ಲಂಬರನನ್ನು ಕರೆಸಿದೆವು. ಆರಡಿ ಆಳು. ಬಚ್ಚಲಿನ ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ, ಸಂಗೀತ ಕಛೇರಿ ಕೇಳುವವನಂತೆ ತಲೆದೂಗಿದ. ಚೀಲದ ಬಾಯಿಯನ್ನೂ ಬಿಚ್ಚಲಿಲ್ಲ.

“ಭಾಭಿ,” ಎಂದ ಹಿಂದಿಯಲ್ಲಿ, “ಇದು ಮಾತಾಡುತ್ತಿದೆ ಎಂದರೆ ಬದುಕಿದೆ. ಸುಮ್ಮನಾದ ದಿನ ನನ್ನನ್ನು ಕರೆಯಿರಿ.”

ಚಹಾ ಕುಡಿದು, ಎರಡು ರಿಯಾಲ್ ತೆಗೆದುಕೊಂಡು ಹೋದ. ಇಷ್ಟು ಮಾತಿಗೆ ಇಷ್ಟು ದುಡ್ಡು ವಕೀಲರೂ ಕೇಳುವುದಿಲ್ಲ ಎಂದು ನಮ್ಮವರು ಮೆಚ್ಚಿಕೊಂಡೇ ಕೊಟ್ಟರು.

೪. ಅರಬಿಯೂ ತುಳುವೂ

ಮನೆಯ ಯಜಮಾನ ಒಮಾನಿ ಅಜ್ಜ, ಮಗುವಿಗೆಂದು ತಮ್ಮ ತೋಟದ ಖರ್ಜೂರ ಹಿಡಿದು ಬಂದರು. ಅಮ್ಮ ಬಿಡುತ್ತಾರೆಯೇ? ಅವರನ್ನು ಬಚ್ಚಲಿನ ಮುಂದೆ ನಿಲ್ಲಿಸಿ ಇಡೀ ದೂರನ್ನು ತುಳುವಿನಲ್ಲಿ ಒಪ್ಪಿಸಿದರು, ಗುಡುಗುಡು ಟಕ್‌ಟಕ್‌ಗಳ ಸಮೇತ. ಅಜ್ಜ ಗಡ್ಡ ನೀವುತ್ತಾ ಅರಬಿಯಲ್ಲಿ ಅಷ್ಟೇ ಉದ್ದದ ಉತ್ತರ ಕೊಟ್ಟರು. ಇಬ್ಬರೂ ನಕ್ಕರು. ಅಜ್ಜ ಹೋದರು.

“ಏನು ಹೇಳಿದರು ಅತ್ತೆ?” ನಮ್ಮವರು ಕೀಟಲೆಗೆ ಕೇಳಿದರು.

“ತೋಟದ ಬಾವಿಯ ಪಂಪೂ ಹೀಗೇ ಕೂಗ್ತದಂತೆ. ಹತ್ತು ವರ್ಷ ಆಯ್ತಂತೆ. ಏನೂ ಆಗಲಿಲ್ಲವಂತೆ.”

ನಮ್ಮವರಿಗೆ ನಗು ತಡೆಯಲಾಗಲಿಲ್ಲ. ಮರುದಿನ ಅಂಗಡಿಯಲ್ಲಿ ಸಿಕ್ಕಿದ ಅಜ್ಜನನ್ನೇ ವಿಚಾರಿಸಿದರು. ಅಕ್ಷರಶಃ ಅದೇ! ಆರು ವರ್ಷದಿಂದ ಅರಬಿ ಕಲಿಯುತ್ತಿದ್ದ ನಮ್ಮವರು ಆ ಸಂಜೆ ಪುಸ್ತಕವನ್ನು ಕಪಾಟಿನ ಮೇಲೆ ಹಾಕಿದರು.

೫. ಕರೆಂಟ್ ಹೋದ ಮಧ್ಯಾಹ್ನ

ಒಂದು ಮಧ್ಯಾಹ್ನ ಅಮ್ಮ ನನಗೆ ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚಿ ಮಣೆಯ ಮೇಲೆ ಕೂರಿಸಿದ್ದರು. ಗೀಸರಿನ ಸ್ವಿಚ್ ಆಗಷ್ಟೇ ಹಾಕಿದ್ದರು. ಟಪ್ ಎಂದು ಕರೆಂಟ್ ಹೋಯಿತು. ಒಳಗಿನ ನೀರು ಇನ್ನೂ ಬೆಚ್ಚಗೂ ಆಗಿರಲಿಲ್ಲ.

ಊಟಕ್ಕೆ ಬಂದ ನಮ್ಮವರಿಗೆ ಬಾಗಿಲಲ್ಲೇ ಅಪ್ಪಣೆಯಾಯಿತು. “ಸೂಟ್‌ಕೇಸ್ ಇಳಿಸಿ. ಟಿಕೆಟ್ ಮಾಡಿಸಿ.”

“ಅತ್ತೆ, ಒಂದು ಗಂಟೆ ನೋಡುವ. ಬರ್ತದೆ ಕರೆಂಟ್.”

“ಎಣ್ಣೆ ಮೈಯಲ್ಲಿ ಒಂದು ಗಂಟೆಯಾ? ನಾನು ಮಾತು ಕೊಟ್ಟಾಗಿದೆ.”

ನಮ್ಮವರು ಮಗುವನ್ನು ಎತ್ತಿ ಎದೆಗವಚಿಕೊಂಡರು. “ಊರಿಗೆ ಬೇಡಮ್ಮಾ!” ಎಂದು ನಾನು ಒಳಗಿನಿಂದ ಅಳುದನಿಯಲ್ಲಿ ಕೂಗಿದೆ. ಅಮ್ಮ ಕೈಯ ಎಣ್ಣೆ ತೊಳೆಯಲು ಸಿಟ್ಟಿನಿಂದ ತಣ್ಣೀರಿನ ನೀಲಿ ನಲ್ಲಿ ತಿರುಗಿಸಿದವರು, “ಅಯ್ಯಮ್ಮಾ!” ಎಂದು ಚೀರಿ ಕೈ ಕೊಡವಿದರು.

ಒಮಾನಿನ ಬೇಸಿಗೆಯ ಹಗಲಿನಲ್ಲಿ ತಾರಸಿಯ ಟ್ಯಾಂಕಿನ ನೀರು ಕೈಯಿಡಲಾಗದಷ್ಟು ಕಾಯುತ್ತದೆ. ಅದಕ್ಕೇ ಎಲ್ಲರೂ ಗೀಸರ್ ಬಂದ್ ಮಾಡಿ, ಮನೆಯೊಳಗೆ ಅದರ ಹೊಟ್ಟೆಯಲ್ಲಿ ತಣ್ಣಗಾದ ನೀರನ್ನು ಬಿಸಿನೀರಿನ ಕೆಂಪು ನಲ್ಲಿಯಿಂದ ಬಿಟ್ಟುಕೊಳ್ಳುತ್ತಾರೆ. ನಾವೂ ಪ್ರತಿ ಬೇಸಿಗೆ ಹಾಗೆಯೇ ಮಾಡುತ್ತಿದ್ದೆವು. ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಿ, ಹಗಲೆಲ್ಲ ಬಕೆಟಿನಲ್ಲಿ ಹಿಡಿದಿಟ್ಟ ನೀರನ್ನೇ ಬಳಸುತ್ತಿದ್ದ ಅಮ್ಮನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದ ನಮಗೆ, ಒಬ್ಬರು ಬಿ.ಕಾಂ., ಒಬ್ಬಳು ಬಿ.ಎಸ್ಸಿ., ಹೊಳೆದಿರಲಿಲ್ಲ. ಬಾಣಂತಿ ನೀರೆಂದರೆ ಕಾಯಿಸಿದ್ದೇ ಆಗಬೇಕಲ್ಲ!

ಅಮ್ಮ ಇನ್ನೊಮ್ಮೆ ನೀರಿಗೆ ಬೆರಳಿಟ್ಟು ನೋಡಿದರು. ಮುಖ ಅರಳಿತು. “ಒಲೆ ಇಲ್ಲ, ಸೌದೆ ಇಲ್ಲ. ಎಂಥ ಪುಣ್ಯದ ದೇಶ ಮಾರಾಯ್ತಿ ಇದು!” ಎನ್ನುತ್ತಾ ಚೆಂಬು ಎತ್ತಿದರು. ಅಂದಿನಿಂದ ಗೀಸರ್ ಬಂದ್, ಶಬ್ದ ಬಂದ್. ನಲವತ್ತು ದಿನವೂ ಪೂರ್ತಿಯಾಯಿತು.

ಅಮ್ಮನ ಮೆಚ್ಚುಗೆ ಅಲ್ಲಿಗೆ ನಿಲ್ಲಲಿಲ್ಲ. ಊರಿನಲ್ಲಿದ್ದ ನನ್ನ ಸೋದರಮಾವನಿಗೆ ಹೆಮ್ಮೆಯಿಂದ ಬರೆದರು: ‘ನಮ್ಮ ಅಳಿಯಂದಿರು ಬಿಸಿನೀರನ್ನು ಹಾಗೇ ನಲ್ಲಿಯಲ್ಲಿ ಹಿಡಿಯುತ್ತಾರೆ. ತಣ್ಣೀರಿಗೆಂದೇ ಗೀಸರ್ ಇಟ್ಟಿದ್ದಾರೆ.’

ಮಾವನ ಉತ್ತರ ಬೇಗನೇ ಬಂತು: ‘ಗಾಬರಿಯಾಗಬೇಡ. ಅಲ್ಲಿನ ಸೆಕೆಗೆ ಕೆಲವರಿಗೆ ಹಾಗಾಗುವುದುಂಟು. ಎದುರು ಮಾತಾಡದೆ, ಅಳಿಯಂದಿರನ್ನು ಮೆಲ್ಲಗೆ ಒಪ್ಪಿಸಿ ಊರಿಗೆ ಕಳಿಸು. ಮಂಗಳೂರಿನ ಡಾಕ್ಟರ ಹತ್ತಿರ ಮಾತಾಡಿದ್ದೇನೆ.’

ಗೀಸರಿನ ಒಟ್ಟು ಖರ್ಚು: ಪ್ಲಂಬರನಿಗೆ ಎರಡು ರಿಯಾಲ್. ನಮ್ಮವರ ತಲೆ ಸರಿಯಾಗಿದೆಯೆಂದು ಮಾವನಿಗೆ ಒಪ್ಪಿಸಲು ಮಾಡಿದ ಫೋನಿಗೆ ಒಂಬತ್ತು.